ಎಕ್ಕದ ಗಿಡದ ಬಣ್ಣದ ಮಿಡತೆ

ಗೌರಿ-ಗಣೇಶನ ಹಬ್ಬಕ್ಕೆ ಬೆಂಗಳೂರಿನ ನೆಂಟರ ಮನೆಗೆ ಹೋಗುವವರಿದ್ದೀರಾ? ಹಾಗಾದರೆ ಒಂದು ಬೆಳಿಗ್ಗೆ ಕೆಂಗೇರಿ ಕಡೆ ಹೋಗಿಬನ್ನಿ. ವಿಜಯನಗರದಲ್ಲಿ ಮೆಟ್ರೋ ರೈಲು ಹತ್ತಿದರಾಯಿತು. 2021ರಿಂದ ಅದು ಕೆಂಗೇರಿಗೂ ಓಡುತ್ತಿದೆ. ಅಲ್ಲಿ ಮನೆಗಳ ನಡುವೆ ಇನ್ನೂ ಖಾಲಿ ಸೈಟುಗಳಿವೆ. ಯಾರೂ ನೀರು ಹಾಕದಿದ್ದರೂ ಎಕ್ಕದ ಗಿಡ ಸೊಂಪಾಗಿ ಬೆಳೆದಿರುತ್ತದೆ.

ಗಣಪತಿಗೆ ಎಕ್ಕದ ಹೂವಿನ ಹಾರ ಆಗಬೇಕಲ್ಲ! ತಂಗಿಯ ಮಗನನ್ನು ಕರೆದುಕೊಂಡು ಅಂಥದೊಂದು ಸೈಟಿಗೆ ಹೋಗಿದ್ದೆ. "ದೊಡ್ಡಮ್ಮಾ, ಇಲ್ನೋಡು!" ಅಂದ. ಎಲೆಯ ಮೇಲೆ ಹಳದಿ ಮೈ, ಕಪ್ಪು ಚುಕ್ಕೆಯ ಮಿಡತೆ ಮರಿಗಳು. ಹತ್ತಿರ ಹೋದರೂ ಒಂದೂ ಕದಲಲಿಲ್ಲ. ಬೇರೆ ಮಿಡತೆಯಾಗಿದ್ದರೆ ಇಷ್ಟು ಹೊತ್ತಿಗೆ ಹಾರಿಹೋಗುತ್ತಿರಲಿಲ್ಲವೇ? ಇವಕ್ಕೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಬೆಳೆದ ಮೇಲೆ ಹಳದಿ-ನೀಲಿ ಪಟ್ಟೆ, ಹಸಿರು ರೆಕ್ಕೆ ಬರುತ್ತವೆ. ಆಗಲೂ ಹಾರಾಟ ಅಷ್ಟಕ್ಕಷ್ಟೇ.

ಹುಡುಗ ಸುಮ್ಮನಿದ್ದಾನೆಯೇ? ಒಂದನ್ನು ಬೆರಳಲ್ಲಿ ಹಿಡಿದು ಮುಖದ ಹತ್ತಿರ ತಂದ. ಚಿರ್ರೆಂದು ಹಾಲಿನಂಥ ನೀರು ಕೆನ್ನೆಗೆ ಹಾರಿತು, ಕಣ್ಣಿನಿಂದ ಒಂದೇ ಬೆರಳು ಕೆಳಗೆ! ನನ್ನ ಎದೆ ಧಸಕ್ಕೆಂದಿತು. ಎದುರು ಮನೆಯ ನಲ್ಲಿಯಲ್ಲಿ ಚೆನ್ನಾಗಿ ತೊಳೆಸಿದೆ. ದೇವರ ದಯ, ಏನೂ ಆಗಲಿಲ್ಲ.

ಈ ಮರಿಗಳ ಬೆನ್ನ ಮೇಲೆ, ಹೊಟ್ಟೆಯ ಮೊದಲ ಎರಡು ಪಟ್ಟಿಗಳ ನಡುವೆ, ಒಂದು ಸೀಳು ಇದೆ. ಹಿಸುಕಿದರೆ ಹಿಸುಕಿದ ಕಡೆಗೇ ಗುರಿಯಿಟ್ಟು ಹಲವು ಅಂಗುಲ ದೂರ ಚಿಮ್ಮಿಸುತ್ತವೆ. ಮತ್ತೆ ಹಿಸುಕಿದರೆ ಮತ್ತೆ ಚಿಮ್ಮುತ್ತದೆ. ಬೆಳೆದ ಮಿಡತೆಯಲ್ಲಾದರೆ ಅದೇ ರಸ ರೆಕ್ಕೆಯಡಿಯಿಂದ ನೊರೆನೊರೆಯಾಗಿ ಉಕ್ಕುತ್ತದೆ.

ವಿಷ ಎಲ್ಲಿಂದ ಬಂತು ಅಂತೀರಾ? ಅದು ತಿನ್ನುವ ಎಕ್ಕದಿಂದಲೇ! ದನಕರು ಬಾಯಿ ಹಾಕದ ಎಲೆಯನ್ನು ತಿಂದು, ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇದೇ ಕುಲದ, ಪಶ್ಚಿಮ ಏಷ್ಯಾದ ಇನ್ನೊಂದು ಮಿಡತೆಯಲ್ಲಿ ಹೃದಯಕ್ಕೆ ಹಾನಿ ಮಾಡುವ ವಿಷವಿರುವುದನ್ನು 1967ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಅವರಲ್ಲಿ ಮಿರಿಯಂ ರಾತ್‌ಚೈಲ್ಡ್ ಎಂಬ ಮಹಿಳೆಯೂ ಇದ್ದರು. ಆ ಢಾಳಾದ ಬಣ್ಣ ಅಲಂಕಾರಕ್ಕಲ್ಲ, "ನನ್ನನ್ನು ಮುಟ್ಟಬೇಡ" ಎನ್ನುವುದಕ್ಕೆ.

ಹಬ್ಬದ ಹೂ ಕೀಳುವಾಗ ನೆನಪಿಡಿ, ಎಕ್ಕದ ಹಾಲೂ ಕಣ್ಣಿಗೆ ಕೆಟ್ಟದ್ದು. ಬಿದ್ದ ಕೂಡಲೇ ಹೆಚ್ಚು ನೋವಾಗದೆ, ಆಮೇಲೆ ದೃಷ್ಟಿ ಮಂಜಾಗುವುದುಂಟು. "ನೋವಿಲ್ಲವಲ್ಲ" ಎಂದು ಸುಮ್ಮನಿರಬೇಡಿ. ಹೂ ಕಿತ್ತ ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಾಲಾಗಲಿ ಮಿಡತೆಯ ರಸವಾಗಲಿ ಕಣ್ಣಿಗೆ ಸಿಡಿದರೆ ಧಾರಾಳವಾಗಿ ಶುದ್ಧ ನೀರು ಹಾಕಿ ತೊಳೆದು, ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎದೆಹಾಲು, ಎಣ್ಣೆ ಬಿಡುವ ಮನೆಮದ್ದು ಖಂಡಿತ ಬೇಡ.

ಅಂದು ನಾವು ಬೇರೆ ಗಿಡದಿಂದ ಹೂ ಕಿತ್ತುಕೊಂಡೆವು. ಹುಡುಗ ಹಿಂತಿರುಗಿ ನೋಡಿ, "ಅದರ ಗಿಡ ಅದಕ್ಕೇ ಇರ್ಲಿ ಬಿಡು ದೊಡ್ಡಮ್ಮ" ಅಂದ. ನನಗೂ ಅದೇ ಸರಿ ಅನ್ನಿಸಿತು.