ಕಲಬುರಗಿಯ ಬಿಸಿಲೂ ಒಂದು ಮಾಳಿಗೆಯ ಮನೆಯೂ

ಮೈಸೂರಿನ ಕಡೆಯವರಾದ ನಾವು ಬೇಸಗೆಯೆಂದು ಯಾವುದನ್ನು ಕುರಿತು ಗೊಣಗಿಕೊಳ್ಳುತ್ತೇವೆಯೋ ಅದನ್ನು ಕಲಬುರಗಿಯವರ ಮುಂದೆ ಹೇಳಿಕೊಂಡರೆ ಅವರು ಮರ್ಯಾದೆಗಾಗಿ ನಗುವನ್ನು ತಡೆದುಕೊಳ್ಳುವರು. ಈ ಮಾತು ನನಗೆ ಕಳೆದ ಮೇ ತಿಂಗಳಿನಲ್ಲಿ ಅನುಭವದಿಂದಲೇ ತಿಳಿಯಿತು. ಆ ಊರಿನಲ್ಲಿರುವ ನನ್ನ ಸಹಪಾಠಿಯೊಬ್ಬರು, "ನಮ್ಮ ಹಳೆಯ ಮನೆಯನ್ನು ಕೆಡವಬೇಕೋ ಉಳಿಸಬೇಕೋ ಎಂಬುದು ಮನೆಯೊಳಗೆ ದೊಡ್ಡ ವ್ಯಾಜ್ಯವಾಗಿದೆ, ನೀನು ಮೂವತ್ತು ವರ್ಷ ಕಟ್ಟಡಗಳ ಕೆಲಸದಲ್ಲಿದ್ದವನು, ಬಂದು ನೋಡಿ ಒಂದು ಮಾತು ಹೇಳು" ಎಂದು ಬರೆದಿದ್ದರು. ಮಳೆ ಬಿದ್ದ ಮೇಲೆ ಬರುತ್ತೇನೆಂದು ನಾನು ಉತ್ತರ ಕೊಟ್ಟೆನು. ತಂಪು ಹೊತ್ತಿನಲ್ಲಿ ಬಂದು ನೋಡಿದರೆ ವ್ಯಾಜ್ಯದ ಒಂದು ಕಡೆ ಮಾತ್ರ ಕಾಣುವುದೆಂದು ಹೇಳಿ ಅವರು ಬಿಡಲಿಲ್ಲ.

ರಾಯಚೂರನ್ನು ದಾಟಿ ಕೃಷ್ಣೆಯ ಸೇತುವೆಯ ಮೇಲೆ ಗಾಡಿ ಹೋಗುವಾಗ ಹೊಳೆಯ ಒಡಲೆಲ್ಲ ಬಂಡೆಯಾಗಿ ಕಂಡಿತು. ಕಿಟಕಿಯ ಸರಳನ್ನು ಮುಟ್ಟುವಂತಿರಲಿಲ್ಲ. ವಾಡಿಯನ್ನು ಬಿಟ್ಟ ಮೇಲೆ ಶಹಾಬಾದಿನ ಸುತ್ತ, ಭೂಮಿಯಿಂದ ಹಾಳೆಹಾಳೆಯಾಗಿ ಎಬ್ಬಿಸಿದ ಸುಣ್ಣಕಲ್ಲಿನ ಪರ್ಸಿಗಳನ್ನು ಹಲಗೆಗಳಂತೆ ಒರಗಿಸಿ ನಿಲ್ಲಿಸಿದ್ದರು. ನಮ್ಮ ನಾಡಿನ ಎಷ್ಟೋ ಮನೆಗಳ ನೆಲವು ಇಲ್ಲಿಂದಲೇ ಬಂದುದು. ಕಲಬುರಗಿಯ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ.

ಮೊದಲು ನನ್ನನ್ನು ಹೊಸ ಮನೆಗೆ ಕರೆದುಕೊಂಡು ಹೋದರು. ಊರ ಹೊರಗಿನ ಬಡಾವಣೆಯಲ್ಲಿ ಸಿಮೆಂಟು ಕಾಂಕ್ರೀಟಿನಿಂದ ಕಟ್ಟಿದ, ನೋಡುವುದಕ್ಕೆ ಅಂದವಾದ ಎರಡು ಅಂತಸ್ತಿನ ಮನೆ. ಪಡುವಣ ಗೋಡೆಯ ತುಂಬ ಗಾಜಿನ ಕಿಟಕಿಗಳು. ಮೇಲಂತಸ್ತಿನ ಅತ್ಯುತ್ತಮವಾದ ಕೋಣೆಯನ್ನು ಮೊಮ್ಮಗನು ಎಂಬತ್ತು ದಾಟಿದ ಅಜ್ಜಿಗೆಂದು ಪ್ರೀತಿಯಿಂದ ಮಾಡಿಸಿದ್ದನು. ಹಿಂದಿನ ಬೇಸಗೆಯಲ್ಲಿ ಆ ಕೋಣೆಯಲ್ಲಿಯೇ ಆಕೆಯ ಪ್ರಾಣಕ್ಕೆ ಸಂಚಕಾರ ಬಂದಿತ್ತು. ಮೂರು ದಿನ ಸತತವಾಗಿ ಉರಿ; ರಾತ್ರಿಯೂ ಇಳಿಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಸೊಸೆ ಚಹ ತೆಗೆದುಕೊಂಡು ಹೋದಾಗ, ಆಕೆ ಎಂದೋ ತೀರಿಕೊಂಡ ತಂಗಿಯೊಡನೆ ಮಾತನಾಡುತ್ತಿದ್ದರಂತೆ. ಮೈ ಸುಡುತ್ತಿತ್ತು, ಬೆವರು ಒಂದು ಹನಿಯಿಲ್ಲ. ಸೊಸೆ ವಿವೇಕವುಳ್ಳವಳು. ಬಾಯಿಗೆ ನೀರು ಸುರಿಯಲು ಹೋಗಲಿಲ್ಲ; ಪ್ರಜ್ಞೆ ಸರಿಯಿಲ್ಲದವರಿಗೆ ಅದು ಉಸಿರಿನ ನಾಳಕ್ಕೆ ಇಳಿಯುವ ಅಪಾಯವುಂಟು. ಕೆಳಗಿನ ಪಡಸಾಲೆಗೆ ಎತ್ತಿ ತಂದು, ಮೈಮೇಲೆಲ್ಲ ನೀರು ಚಿಮುಕಿಸಿ, ಒದ್ದೆಯ ಸೀರೆ ಹೊದಿಸಿ, ಬೀಸುತ್ತ ಬೀಸುತ್ತಲೇ ವಾಹನ ತರಿಸಿ ಆಸ್ಪತ್ರೆಗೆ ಸೇರಿಸಿದಳು. ಆಕೆ ಬದುಕಿಕೊಂಡರು.

ಮನೆಯೊಳಗೆ, ಮಂಚದ ಮೇಲೆ, ಬಿಸಿಲನ್ನು ಕಾಣದೆಯೂ ಬಿಸಿಲಿನ ಹೊಡೆತ ತಾಗುವುದೆಂಬುದನ್ನು ನಮ್ಮಲ್ಲಿ ಬಹಳ ಮಂದಿ ನಂಬುವುದಿಲ್ಲ. ಮುದುಕರಿಗೆ ಬಾಯಾರಿಕೆಯ ಅರಿವು ಕಡಮೆ. ಕೇಳಿದರೆ ಬೇಡವೆಂದೇ ಹೇಳುವರು. ಅಹಮದಾಬಾದಿನಲ್ಲಿ ೨೦೧೦ರ ಮೇ ತಿಂಗಳಿನಲ್ಲಿ ತಾಪವು ೪೬ ಡಿಗ್ರಿಯನ್ನು ಮೀರಿದಾಗ, ಆ ಒಂದು ತಿಂಗಳಿನಲ್ಲಿ ವಾಡಿಕೆಗಿಂತ ೧,೩೪೪ ಮಂದಿ ಹೆಚ್ಚಾಗಿ ಮರಣ ಹೊಂದಿದರೆಂದು ಅನಂತರ ಲೆಕ್ಕ ಹಾಕಿದರು. ಆ ನಗರವು ೨೦೧೩ರಲ್ಲಿ ಉರಿಗಾಲದ ಮುನ್ನೆಚ್ಚರಿಕೆಗೆಂದು ಒಂದು ಯೋಜನೆಯನ್ನು ಮಾಡಿಕೊಂಡಿತು.

ಆಸ್ಪತ್ರೆಯಿಂದ ಬಂದ ಮುದುಕಿ ಹೊಸ ಮನೆಯ ಮೆಟ್ಟಿಲನ್ನು ತುಳಿಯಲೇ ಇಲ್ಲ. ಕೋಟೆಯ ಕಡೆಯ ಓಣಿಯಲ್ಲಿರುವ ಹಳೆಯ ಮಾಳಿಗೆಯ ಮನೆಗೆ ನೇರವಾಗಿ ಹೋಗಿ ಕುಳಿತರು. ವ್ಯಾಜ್ಯವು ಹುಟ್ಟಿದ್ದು ಇಲ್ಲಿ.

ಅಂದು ರಾತ್ರಿ ನಾನು ಹೊಸ ಮನೆಯ ಆ ಮೇಲಿನ ಕೋಣೆಯಲ್ಲಿಯೇ ಮಲಗುವೆನೆಂದು ಹಟ ಹಿಡಿದೆನು. ಹತ್ತು ಗಂಟೆಯ ಸುಮಾರಿಗೆ ಮಂಚದ ಮೇಲೆ ನಿಂತು ತಾರಸಿಯ ಒಳಮೈಗೆ ಅಂಗೈಯನ್ನು ಒತ್ತಿದೆನು. ರೊಟ್ಟಿ ಇಳಿಸಿ ಸ್ವಲ್ಪ ಹೊತ್ತಾದ ಹೆಂಚಿನ ನೆನಪಾಯಿತು. ಬೀಸಣಿಗೆಯ ಯಂತ್ರವು ತಿರುಗುತ್ತಲೇ ಇತ್ತು, ಆದರೆ ಅದು ಆ ಬಿಸಿಯನ್ನೇ ಕೆಳಕ್ಕೆ ತಂದು ನನ್ನ ಮೇಲೆ ಸುರಿಯುತ್ತಿತ್ತು. ಗಾಳಿಯ ತಾಪವು ಮೈಯ ತಾಪವನ್ನು ಮೀರಿದ ಮೇಲೆ ಬರಿಯ ಬೀಸಣಿಗೆಯಿಂದ ಹಿತಕ್ಕಿಂತ ಅಹಿತವೇ ಹೆಚ್ಚು. ೪೦ ಡಿಗ್ರಿಯಲ್ಲಿ ಅದನ್ನು ನಂಬಿ ಮುದುಕರನ್ನು ಮಲಗಿಸಬಾರದು. ಎರಡು ಗಂಟೆಗೆ ನಾನು ಹಾಸಿಗೆಯನ್ನು ಸುತ್ತಿಕೊಂಡು ತಾರಸಿಯ ಮೇಲಕ್ಕೆ ಹೋದೆನು.

ಕಾರಣವು ಗೂಢವಾದುದೇನಲ್ಲ. ಕಲಬುರಗಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೭ ಡಿಗ್ರಿಗೆ ತುಸು ಮೇಲೆ ಇರುವುದು. ಮೇ ತಿಂಗಳ ೮-೯ರ ಸುಮಾರಿಗೆ ಸೂರ್ಯನು ಆ ಊರಿನ ನೆತ್ತಿಯ ಮೇಲೆಯೇ ಬರುತ್ತಾನೆ. ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಆ ಹೊತ್ತಿನಲ್ಲಿ ತೆಂಕಣ ಗೋಡೆಗೂ ಬಡಗಣ ಗೋಡೆಗೂ ಬಿಸಿಲು ತಾಗುವುದು ಅತ್ಯಲ್ಪ. ಹೊರೆಯೆಲ್ಲವನ್ನೂ ಹೊರುವುದು ಚಾವಣಿ. ಸಂಜೆಯ ಪಾಲು ಪಡುವಣ ಗೋಡೆಯದು. ನಾಲ್ಕೈದು ಅಂಗುಲದ ಕಾಂಕ್ರೀಟು ತಾನು ಕುಡಿದ ಶಾಖವನ್ನು ಮೂರು ನಾಲ್ಕು ಗಂಟೆಗಳಲ್ಲಿ ಒಳಕ್ಕೆ ದಾಟಿಸಿಬಿಡುವುದು. ಜನರು ಮಲಗುವ ಹೊತ್ತಿಗೆ ಸರಿಯಾಗಿ ಕೋಣೆಯು ಕುಲುಮೆಯಾಗುವುದು.

ಮರುದಿನ ಹಳೆಯ ಮನೆಗೆ ಹೋದೆವು. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣಿಸಲಿಲ್ಲ. ಮೈಗೆ ಮಾತ್ರ ಬಾವಿಯ ಮೆಟ್ಟಿಲಿಳಿದಂತಾಯಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದೆನು. ಎರಡು ಮೊಳಕ್ಕೆ ಕಡಮೆಯಿಲ್ಲದ ಕಲ್ಲುಮಣ್ಣಿನ ಗೋಡೆ. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ಒಂದೂವರೆ ಅಡಿಯಷ್ಟು ಮಣ್ಣು. ಇಷ್ಟು ದಪ್ಪದ ಮಣ್ಣನ್ನು ದಾಟಿ ಬರುವುದಕ್ಕೆ ಬಿಸಿಲಿಗೆ ಹತ್ತು ಹನ್ನೆರಡು ಗಂಟೆಗಳೇ ಬೇಕು. ಮಧ್ಯಾಹ್ನದ ಉರಿ ಒಳಗೆ ತಲಪುವ ಹೊತ್ತಿಗೆ ಹೊರಗೆ ಬೆಳಗಿನ ಜಾವದ ತಂಪು ಬಂದಿರುತ್ತದೆ. ಮನೆಯವರಾದರೋ ಮಾಳಿಗೆಯ ಮೇಲೆ ನಕ್ಷತ್ರಗಳ ಕೆಳಗೆ ಮಲಗಿರುತ್ತಾರೆ. ಚಾವಣಿಯಲ್ಲಿ ಅಲ್ಲಲ್ಲಿ ಬೆಳಕಿಂಡಿಗಳುಂಟು. ಬಿಸಿ ಗಾಳಿಯು ಮೇಲೇರಿ ಹೊರಟುಹೋಗುವುದು ಅವುಗಳಿಂದಲೇ. ನೆಲಕ್ಕೆ ಪರ್ಸಿ. ಬರಿಗಾಲಿನಲ್ಲಿ ನಿಂತರೆ ನಿಂತೇ ಇರೋಣವೆನ್ನಿಸುವುದು.

ಆದರೆ ಗೋಡೆ ಮಣ್ಣುಗಳೇ ಎಲ್ಲವನ್ನೂ ಮಾಡುವುದಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆ ಮನೆಯನ್ನು ತಂಪಾಗಿಡುತ್ತಿದ್ದವರು ಆ ಮುದುಕಿ. ನಾಲ್ಕೂವರೆಗೆ ಎದ್ದು ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲವನ್ನೂ ತೆರೆಯುವರು. ಏಳು ಗಂಟೆಯೊಳಗೆ ಜೋಳದ ರೊಟ್ಟಿಯ ಕೆಲಸ ತೀರಬೇಕು. ಆಮೇಲೆ ಸಂಜೆಯವರೆಗೆ ಒಲೆಗೆ ಬೆಂಕಿಯಿಲ್ಲ, ಮಧ್ಯಾಹ್ನಕ್ಕೆ ತಣ್ಣನೆಯ ಅಂಬಲಿ, ಮಜ್ಜಿಗೆ. ಎಂಟು ಗಂಟೆಗೆ ಎಲ್ಲವನ್ನೂ ಮುಚ್ಚಿಬಿಡುವರು. ಬೆಳಕಿಂಡಿಗಳ ಮೇಲೆ ಪರ್ಸಿಯ ತುಂಡು ಬೀಳುವುದು. ಬೇಸಗೆಯಲ್ಲಿ ಬಾಗಿಲು ತೆರೆದಿಟ್ಟರೆ ಗಾಳಿ ಬರುವುದೆಂಬುದು ನಮ್ಮ ತಿಳಿವಳಿಕೆ. ಬರುವುದು ಎಂಥ ಗಾಳಿ ಎಂಬುದನ್ನು ನಾವು ಯೋಚಿಸುವುದಿಲ್ಲ. ರಾತ್ರಿಯ ತಂಪನ್ನು ತುಂಬಿಟ್ಟುಕೊಂಡು ಹಗಲೆಲ್ಲ ಜಿಪುಣತನದಿಂದ ಖರ್ಚು ಮಾಡುವುದು ಆಕೆಯ ಕ್ರಮ.

ಮಧ್ಯಾಹ್ನ ನಾನು ಉಪಕಾರ ಮಾಡುವೆನೆಂದು ಒಂದು ಕೊಡ ನೀರನ್ನು ಅಂಗಳದ ಕಾದ ಕಲ್ಲಿನ ಮೇಲೆ ಚೆಲ್ಲಹೋದೆನು. "ಉರಿ ಹೊತ್ತಿನ್ಯಾಗ ನೀರ ಹಾಕಿದ್ರ ಧಗಿ ಏಳ್ತದ, ತಂಪಾಗೂದಿಲ್ಲ. ಹೊತ್ತ ಮುಳುಗಲಿ" ಎಂದು ಒಳಗಿನಿಂದಲೇ ಗದರಿಕೆ ಬಂದಿತು. ಸಂಜೆ ಅದೇ ನೀರು ಅದೇ ಕಲ್ಲಿನ ಮೇಲೆ ಬಿದ್ದಾಗ ಕಾಲು ಗಂಟೆಯೊಳಗೆ ಅಂಗಳವು ಕುಳಿತುಕೊಳ್ಳುವಂತಾಯಿತು.

ನೀರಿನ ಶಕ್ತಿ ಸಾಮಾನ್ಯವಾದುದಲ್ಲ. ಒಂದು ಲೀಟರು ನೀರು ಆವಿಯಾಗುವಾಗ ಹೀರಿಕೊಳ್ಳುವ ಶಾಖವು ೫೦ ಲೀಟರಿಗೂ ಹೆಚ್ಚು ನೀರನ್ನು ಹತ್ತು ಡಿಗ್ರಿ ತಣಿಸುವುದಕ್ಕೆ ಸಮ. ಲಾವಂಚದ ತಡಿಕೆಯ ರಹಸ್ಯವೂ ಇದೇ. ಈಗಿನ ಕೂಲರು ಯಂತ್ರದ ರಹಸ್ಯವೂ ಇದೇ. ಕಲಬುರಗಿಯ ಗಾಳಿ ಒಣಗಿದುದಾದ್ದರಿಂದ ನೀರನ್ನು ಆಸೆಯಿಂದ ಕುಡಿಯುವುದು. ಇದೇ ತಡಿಕೆಯನ್ನು ಮಂಗಳೂರಿನಲ್ಲಿ ಕಟ್ಟಿದರೆ ಒದ್ದೆಯ ವಾಸನೆಯ ಹೊರತು ಬೇರೆ ಫಲವಿಲ್ಲ. ಅಲ್ಲಿಗೆ ಬೇಕಾದುದು ಬೀಸುವ ಗಾಳಿ. ಹೊಸ ಮನೆಯವರು ಕೂಲರನ್ನು ಕೋಣೆಯೊಳಗಿಟ್ಟು ಕಿಟಕಿಗಳನ್ನೆಲ್ಲ ಭದ್ರಪಡಿಸಿದ್ದರು. ತೇವದ ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಮಂಗಳೂರೇ ಮನೆಗೆ ಬಂದಂತಾಗುವುದು.

ಸಂಜೆ ಕೋಟೆಯ ಕಡೆಗೆ ತಿರುಗಾಡಲು ಹೋದೆವು. ಒಳಗಿರುವ ಜಾಮಿ ಮಸೀದಿಯು ೧೩೬೭ರಲ್ಲಿ ಬಹಮನಿ ಅರಸರ ಕಾಲದಲ್ಲಿ ಮುಗಿದುದು. ಬೇರೆ ಕಡೆಗಳ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲಾದ ಅಂಗಳವಿರುವುದು ವಾಡಿಕೆ. ಇಲ್ಲಿ ಅಂಗಳವೇ ಇಲ್ಲ, ಇಡಿಯ ಸ್ಥಳವು ಗುಮ್ಮಟಗಳಿಂದ ಮುಚ್ಚಿರುವುದು. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆನು. ಮೇ ತಿಂಗಳಿನಲ್ಲಿ ಆ ಕಮಾನುಗಳ ಸಾಲಿನ ನೆರಳಿನಲ್ಲಿ ನಿಂತವರು ಅಂಗಳವನ್ನು ಬಯಸಲಾರರು.

ಹಿಂದಿರುಗುವಾಗ ಸ್ನೇಹಿತರು ತಮ್ಮ ಮನಸ್ಸನ್ನು ಬಿಚ್ಚಿದರು. "೧೯೯೩ನ್ನು ನೀನು ಮರೆತಿರಬಹುದು, ನಾವು ಮರೆತಿಲ್ಲ" ಎಂದರು. ಆ ವರ್ಷ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಇಲ್ಲಿಗೆ ದೂರವಲ್ಲದ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತು ಸಾವಿರದಷ್ಟು ಮಂದಿ ಮಡಿದರು. ಅವರಲ್ಲಿ ಬಹುಪಾಲು ಜನರನ್ನು ಕೊಂದುದು ಕಲ್ಲುಮಣ್ಣಿನ ದಪ್ಪ ಗೋಡೆಗಳೂ ಅವುಗಳ ಮೇಲಿನ ಮಣ್ಣಿನ ಭಾರವೂ. ಯಾವ ದಪ್ಪವು ಬಿಸಿಲನ್ನು ತಡೆಯುತ್ತಿತ್ತೋ ಅದೇ ದಪ್ಪವು ಮಲಗಿದ್ದವರ ಮೇಲೆ ಕುಸಿಯಿತು. ಹೊಸ ಮನೆಯ ಆಲೋಚನೆ ಅವರ ತಂದೆಗೆ ಹುಟ್ಟಿದ್ದು ಆ ದಿನ. ಭೂಕಂಪವೇ ಬೇಕೆಂದಿಲ್ಲ, ಈ ಸೀಮೆಯಲ್ಲಿ ಜಡಿಮಳೆ ಹಿಡಿದಾಗ ಮಾಳಿಗೆ ಕುಸಿದ ವಾರ್ತೆಯು ಅಪರೂಪವಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಸವುಳು ಮಣ್ಣನ್ನು ಹಾಕಿ ಬಿಗಿಮಾಡಬೇಕು. ಆ ಕೆಲಸ ಬಲ್ಲವರೂ ಈಗ ವಿರಳ. ಹಳೆಯದೆಲ್ಲವೂ ಒಳ್ಳೆಯದೆಂದು ಹಾಡುವವರು ಒಂದು ಮಳೆಗಾಲ ಮಾಳಿಗೆಯ ಕೆಳಗೆ ಪಾತ್ರೆಗಳನ್ನಿಟ್ಟುಕೊಂಡು ಕೂರಬೇಕು.

ಮೂರನೆಯ ದಿನ ಏಣಿ ತರಿಸಿ ತೊಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿದೆನು. ನಡುಮನೆಯ ಎರಡು ತೊಲೆಗಳಲ್ಲಿ ಗೆದ್ದಲು. ಒಂದರೊಳಕ್ಕೆ ಚಾಕು ಹಿಡಿಯವರೆಗೂ ಇಳಿಯಿತು. ಆ ತೊಲೆಯ ಕೆಳಗೇ ಮುದುಕಿಯ ಹಾಸಿಗೆ. ನಾನು ಸುಮ್ಮನೆ ಅದನ್ನು ಬೆರಳಿನಿಂದ ತೋರಿಸಿದೆನು. ಆಕೆ ತಲೆಯೆತ್ತಿ ಬಹಳ ಹೊತ್ತು ನೋಡಿ, "ಇದನ್ನ ಏರಿಸಿದಾಗ ನಾ ಹೊಸ ಸೊಸಿ" ಎಂದರು. ಬೇರೇನೂ ಹೇಳಲಿಲ್ಲ.

ನಾನು ಕೊಟ್ಟ ತೀರ್ಪು ಎರಡು ಪಕ್ಷದವರಿಗೂ ಹಿಡಿಸಲಿಲ್ಲ. ಈ ಮಳೆಗೆ ಮುಂಚೆ ಆಕೆ ಹೊಸ ಮನೆಗೆ ಹೋಗಬೇಕು, ಆದರೆ ಮೇಲಂತಸ್ತಿಗಲ್ಲ. ಕೆಳಗಿನ ಬಡಗಣ ಕೋಣೆಗೆ. ಪಡುವಣ ಗಾಜುಗಳಿಗೆ ಒಳಗಿನ ಪರದೆ ಸಾಲದು; ಗಾಜನ್ನು ದಾಟಿ ಬಂದ ಬಿಸಿಲು ಮನೆಯದೇ ಆಗಿಬಿಡುವುದು. ಹೊರಗೆ ಬಿದಿರಿನ ತಡಿಕೆ ಕಟ್ಟಬೇಕು. ತಾರಸಿಗೆ ಸುಣ್ಣ ಬಳಿಯಬೇಕು. ಬೆಳ್ಳಗಿನ ತಾರಸಿಯು ಬಿಸಿಲಿನ ಬಹುಭಾಗವನ್ನು ಬಂದ ದಾರಿಯಲ್ಲಿಯೇ ಕಳುಹಿಸುವುದು. ನೆರೆಯ ತೆಲಂಗಾಣ ಸರ್ಕಾರವು ೨೦೨೩ರಲ್ಲಿ ಇಂಥ ತಂಪು ಚಾವಣಿಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಹಳೆಯ ಮನೆಯನ್ನು ಕೆಡವಬೇಕಾಗಿಲ್ಲ. ಮೇಲಿನ ಮಣ್ಣನ್ನು ಅರ್ಧಕ್ಕಿಳಿಸಿ, ಕೆಟ್ಟ ತೊಲೆಗಳನ್ನು ತೆಗೆಸಿ, ಕಂಬ ತೊಲೆಗಳು ಕೂಡುವಲ್ಲಿ ಓರೆಯಾಸರೆಗಳನ್ನು ಕೊಡಿಸಿದರೆ ಹಗಲು ಹೊತ್ತಿನ ವಾಸಕ್ಕೆ ಅಡ್ಡಿಯಿಲ್ಲ. ಖರ್ಚು ಸಣ್ಣದಲ್ಲವೆಂದೂ ಹೇಳಿದೆನು.

ಮೊಮ್ಮಗನು ಮಾತಾಡದೆ ಎದ್ದುಹೋದನು. ಸಂಜೆ ಎರಡು ಚೀಲ ಸುಣ್ಣ, ಒಂದಷ್ಟು ಗೋಂದು, ತೆಂಗಿನ ನಾರಿನ ಕುಂಚಗಳು ಬಂದವು. ಹಗಲಿನಲ್ಲಿ ತಾರಸಿಯ ಮೇಲೆ ಕಾಲಿಡುವಂತಿರಲಿಲ್ಲ, ಬಳಿದ ಸುಣ್ಣವೂ ಹಿಡಿಯುವ ಮೊದಲೇ ಒಣಗಿ ಪುಡಿಯಾಗುವುದು. ಆದುದರಿಂದ ರಾತ್ರಿ ದೀಪವಿಟ್ಟುಕೊಂಡು ಬಳಿದೆವು. ನಡುರಾತ್ರಿಗೆ ಒಂದು ಕೈ, ಬೆಳಗಿನ ಜಾವಕ್ಕೆ ಮತ್ತೊಂದು. ಎರಡು ದಿನ ಕಳೆದ ಮೇಲೆ ರಾತ್ರಿ ಹತ್ತು ಗಂಟೆಗೆ ಅದೇ ಮಂಚದ ಮೇಲೆ ನಿಂತು ಕೈಯೊತ್ತಿದೆನು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮೊಮ್ಮಗನೂ ಹತ್ತಿ ಕೈಯಿಟ್ಟು ನೋಡಿದನು.

ನಾನು ಹೊರಡುವ ದಿನ ಬೆಳಗ್ಗೆ ಮುದುಕಿ ಹೊಸ ಮನೆಗೆ ಬಂದರು. ವಾಸಕ್ಕಲ್ಲ, ನೋಡುವುದಕ್ಕೆ ಮಾತ್ರವೆಂದು ಎರಡು ಬಾರಿ ಹೇಳಿದರು. ಬಡಗಣ ಕೋಣೆಯ ನೆಲವನ್ನು ಕಾಲಿನಿಂದ ಮುಟ್ಟಿ ನೋಡಿದರು. ಕಿಟಕಿಗಳ ಅಗಳಿಗಳನ್ನು ಎಳೆದು ನೋಡಿದರು. ನಾವು ಹೊಸ್ತಿಲಿನ ಮೇಲೆ ನಿಂತು ಗಾಡಿಯ ವೇಳೆಯನ್ನು ಕುರಿತು ಮಾತನಾಡುತ್ತಿದ್ದೆವು. ಗಡಿಯಾರವು ಎಂಟು ಹೊಡೆಯಿತು. "ಮಾತಾಡೂದಿದ್ರ ಒಳಗ ಬರ್ರಿ, ಇಲ್ಲಾ ಹೊರಗ ನಿಲ್ರಿ. ಬಾಗಲಾ ಹಾಕಬೇಕು" ಎಂದರು.