ಗಾಳಿಯ ಪ್ರತಿರೋಧ ನಿರ್ಲಕ್ಷಿಸಿ

ಭೌತಶಾಸ್ತ್ರದ ಪುಸ್ತಕದಲ್ಲಿ ಕಲ್ಲು ಬೀಳುವುದು ಯಾವಾಗಲೂ ಗೋಪುರದಿಂದ. ಯಾವೂರ ಗೋಪುರ, ಕಲ್ಲು ಬಿಟ್ಟವನನ್ನು ಮೇಲೆ ಹತ್ತಿಸಿದ್ದು ಯಾರು, ಕೆಳಗೆ ಯಾರ ಎಮ್ಮೆ ಕಟ್ಟಿತ್ತು, ಒಂದೂ ಹೇಳುವುದಿಲ್ಲ. ಮಾಗಡಿಯಲ್ಲಿ ಪಿಯುಸಿ ಓದುತ್ತಿದ್ದ ನಮ್ಮ ಪಾಲಿಗೆ ಸಾವನದುರ್ಗವಿತ್ತು. ಆದರೆ ಅಲ್ಲಿ ಕೈಬಿಟ್ಟ ಕಲ್ಲು ನೆಟ್ಟಗೆ ಬೀಳದು. ಬಂಡೆಯ ಮೈಸವರಿಕೊಂಡು ಜಾರಿ, ಪುಟಿದು, ಯಾವುದೋ ಪೊದೆಯಲ್ಲಿ ಕೂತುಬಿಡುತ್ತದೆ.

ಲೆಕ್ಕಕ್ಕೆ ಸಿಕ್ಕಿದ್ದು ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’. 1975ರ ಆ ಚಿತ್ರದಲ್ಲಿ ಕುಡಿದ ಧರ್ಮೇಂದ್ರ ನೀರಿನ ಟ್ಯಾಂಕ್ ಹತ್ತಿ, ಬಿದ್ದು ಸಾಯುತ್ತೇನೆಂದು ಊರನ್ನೇ ಹೆದರಿಸುತ್ತಾನಲ್ಲ! ‘ಟ್ಯಾಂಕು 20 ಮೀಟರ್ ಅಂತಿಟ್ಕೊಳ್ರೋ’ ಎಂದರು ಮೇಷ್ಟ್ರು. ಎತ್ತರವನ್ನು ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 2 ಸೆಕೆಂಡು. ನೆಲ ಮುಟ್ಟುವಾಗಿನ ವೇಗ ಗಂಟೆಗೆ 71 ಕಿಲೋಮೀಟರ್. ಅಷ್ಟುದ್ದ ಡೈಲಾಗಿಗೆ ಎರಡೇ ಸೆಕೆಂಡಿನ ಬೀಳುವಿಕೆ! ನಾಯಕಿಯ ಮದುವೆಗೆ ಅವಳ ಮೌಸಿ ಒಪ್ಪಿದ್ದೇ ಈ ಲೆಕ್ಕ ಗೊತ್ತಿದ್ದರಿಂದ ಎಂದು ಹಿಂದಿನ ಬೆಂಚು ತೀರ್ಪು ಕೊಟ್ಟಿತು.

ಭಾರವಾದದ್ದೂ ಹಗುರಾದದ್ದೂ ಒಟ್ಟಿಗೇ ಬೀಳುತ್ತವೆ ಎಂಬುದನ್ನು ಮಾತ್ರ ಯಾರೂ ನಂಬಲಿಲ್ಲ. ಮೇಷ್ಟ್ರ ಒಂದು ಕೈಲಿ ಚನ್ನಪಟ್ಟಣದ ಬುಗುರಿ, ಆಲೆಮರದ್ದು, ಅರಗಿನ ಕೆಂಪು ಬಣ್ಣ ಇನ್ನೂ ಮಿರುಗುತ್ತಿತ್ತು. ಇನ್ನೊಂದು ಕೈಲಿ ರೇಷ್ಮೆಗೂಡು ಹಿಡಿದು ಮೇಜಿನೆತ್ತರದಿಂದ ಬಿಟ್ಟರು. ಎರಡೂ ಒಟ್ಟಿಗೇ ನೆಲ ಕಂಡವು. ಮಹಡಿಯಿಂದ ಬಿಟ್ಟಾಗ ಗೂಡು ಚೂರು ಹಿಂದುಳಿಯಿತು. ‘ಅದು ಗಾಳಿಯ ತರಲೆ. 1971ರಲ್ಲಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗರಿ ಎರಡನ್ನೂ ಬಿಟ್ಟ. ಅಲ್ಲಿ ಗಾಳಿಯಿಲ್ಲ, ಜೊತೆಗೇ ಬಿದ್ದವು’ ಎಂದರು. ಹಿಪ್ಪುನೇರಳೆ ತೋಟದ ಮನೆಯ ಹುಡುಗನೊಬ್ಬ ಎದ್ದು, ‘ಸಾರ್, ಗೂಡಿನ ರೇಟು ಬೀಳೋವಾಗ ಇಲ್ಲೂ ಗಾಳಿ ಅಡ್ಡ ಬರಲ್ಲ’ ಎಂದ. ನಾವು ನಕ್ಕೆವು. ಮೇಷ್ಟ್ರು ನಗಲಿಲ್ಲ. ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರಂತೆ.

ನನಗೆ ಒಲಿದದ್ದು ಬಾವಿಯ ಲೆಕ್ಕ. ಕನಕಪುರದ ಕಡೆ ಅಜ್ಜಿಯ ಊರಲ್ಲಿ ಕಲ್ಲು ಹಾಕಿ ಎಣಿಸುತ್ತಿದ್ದೆ. ‘ಗುಳುಂ’ ಅನ್ನಲು ಒಂದೂವರೆ ಸೆಕೆಂಡಾದರೆ ನೀರು 36 ಅಡಿ ಕೆಳಗಿದೆ ಎಂದರ್ಥ. ಸದ್ದು ಮೇಲೆ ಬರುವ ಹೊತ್ತನ್ನು ಬಿಟ್ಟರೂ ನಡೆಯುತ್ತದೆ. ಅಜ್ಜಿಯ ಬೈಗುಳ ಅದಕ್ಕಿಂತ ಬೇಗ ಬರುತ್ತಿತ್ತು. ವರ್ಷ ಕಳೆದಂತೆ ಉತ್ತರ ದೊಡ್ಡದಾಗುತ್ತ ಹೋಯಿತು. ಕೊನೆಗೊಮ್ಮೆ ‘ಗುಳುಂ’ ಬದಲು ‘ಟಣ್’ ಎಂದಿತು. ಈಗ ಅಲ್ಲೇ ಪಕ್ಕದಲ್ಲಿ ಕೊಳವೆಬಾವಿ ಇದೆ. ಮುಚ್ಚಳ ಬಿಗಿದಿದ್ದಾರೆ, ಕಲ್ಲು ಹಾಕುವಂತಿಲ್ಲ, ಹಾಕಲೂಬಾರದು.

ಆ ಕಡೆ ಹೋದಾಗ ನೀರಿರುವ ತೆರೆದ ಬಾವಿ ಕಣ್ಣಿಗೆ ಬಿದ್ದರೆ ದಯವಿಟ್ಟು ಕಲ್ಲು ಹಾಕಬೇಡಿ. ನನಗೊಂದು ಮಾತು ತಿಳಿಸಿ, ನಾನೇ ಬಂದು ಹಾಕುತ್ತೇನೆ.