ಒಂದು ಎಮ್ಮಿ ಬರತಿತ್ತು

ನನ್ನ ಮಾರುತಿ 800ರ ನಂಬರು ಕೆಎ-25ರಿಂದ ಶುರುವಾಗುತ್ತದೆ. ನಮ್ಮೂರು ಗೊಟಗೋಡಿಯ ಸುತ್ತ ಈಗ ಓಡಾಡುವ ಗಾಡಿಗಳು ಬಹುಮಟ್ಟಿಗೆ ಕೆಎ-27. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಹಾವೇರಿ ಬೇರೆಯಾಗುವ ತನಕ ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರಿನವರೆಲ್ಲ ಧಾರವಾಡ ಜಿಲ್ಲೆಯವರೇ, ಗಾಡಿ ನಂಬರೂ ಅಲ್ಲಿನ ಕೆಎ-25. ಹಾಗಾಗಿ ಗಾಡಿ ತೋರಿಸಿ ಇದಕ್ಕೆಷ್ಟು ವರ್ಷ ಎಂದು ಯಾರೂ ಕೇಳುವುದಿಲ್ಲ, ಪ್ಲೇಟ್ ನೋಡಿದವರೇ ಲೆಕ್ಕ ಹಾಕಿ ಮುಗಿಸುತ್ತಾರೆ. ಕೇಳುವುದೇನಿದ್ದರೂ ಮುಂದಿನ ಪ್ರಶ್ನೆ: ಇದಕ್ಕ ಎಷ್ಟ ರೊಕ್ಕಾ ಹಾಕೀರಿ? ಅಂಕಿ ಹೇಳಿದರೆ ಒಂದು ನಿಟ್ಟುಸಿರು, ಬೆನ್ನಿಗೇ ತೀರ್ಪು: 'ಅಷ್ಟರಾಗ ಒಂದು ಎಮ್ಮಿ ಬರತಿತ್ತಲ್ಲೋ ತಮ್ಮಾ.'

ಎಮ್ಮಿ ಬರುತ್ತಿತ್ತು, ನಿಜ. ಎಮ್ಮೆಯ ಹೊಟ್ಟೆಯೊಳಗೆ ಸಂಜೆ ಹೊತ್ತು ಬ್ಯಾಟರಿ ಹಿಡಿದು ಇಣುಕಲು ಬರುವುದಿಲ್ಲ, ಅಷ್ಟೇ ನನ್ನ ವಾದ.

ಹಳೇ ಕಾರಿನ ಹುಚ್ಚಿನಲ್ಲಿ ಎರಡು ಜಾತಿ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದವರು ಒಂದನ್ನು ಕಂಡಿರುತ್ತಾರೆ. ಅಲ್ಲಿ ಗಾಡಿ ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇರಬೇಕು, ಒಂದು ಗುಂಡಿ ಬದಲಾದರೂ ಅಪಚಾರ. ಅದಕ್ಕೆ ತಾಳ್ಮೆ ಬೇಕು, ತಾಳ್ಮೆಗಿಂತ ಹೆಚ್ಚು ರೊಕ್ಕ ಬೇಕು. ನಮ್ಮದು ಎರಡನೆಯ ಜಾತಿ. ಇದ್ದ ಗಾಡಿಯನ್ನು ನಮಗೆ ಒಗ್ಗುವಂತೆ ತಿದ್ದಿಕೊಳ್ಳುವವರು. ಮಾರುತಿ 800 ಇದಕ್ಕೆ ಹೇಳಿ ಮಾಡಿಸಿದ ಗಾಡಿ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲ ಗಿರಾಕಿಯ ಕೈಗೆ ಕೀಲಿ ಕೊಟ್ಟಲ್ಲಿಂದ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೆ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಅದರ ಬಾಗಿಲು, ಗ್ಲಾಸು, ಮೀಟರು ಎಲ್ಲವೂ ರಾಶಿಯಲ್ಲಿ ಸಿಗುತ್ತವೆ. 796 ಸಿಸಿಯ ಮೂರು ಸಿಲಿಂಡರಿನ ಸಣ್ಣ ಎಂಜಿನ್ನು. ಬಾನೆಟ್ ಎತ್ತಿದರೆ ಅದರ ಸುತ್ತ ಕೈ ಆಡುವಷ್ಟು ಜಾಗ ಇರುತ್ತದೆ. ಈಗಿನ ಕಾರುಗಳಲ್ಲಿ ಬಾನೆಟ್ ತೆಗೆದರೆ ಕಾಣುವುದು ಇನ್ನೊಂದು ಪ್ಲಾಸ್ಟಿಕ್ ಮುಚ್ಚಳ.

ಹವ್ಯಾಸಿಗೆ ಮೊದಲು ಹತ್ತುವ ಗೀಳು ಗಾಲಿಯದು. ಕಾರ್ಖಾನೆ ಕೊಟ್ಟ 12 ಇಂಚಿನ ಸಣ್ಣ ಗಾಲಿ ತೆಗೆದು 13 ಇಂಚಿನ ಅಲಾಯ್ ಹಾಕಬೇಕು, ಗಾಡಿಗೆ ಒಂದು ಗತ್ತು ಬರಬೇಕು. ನಾನೂ ಪೇಪರು ಪೆನ್ಸಿಲ್ಲು ಹಿಡಿದು ಕೂತೆ. 145/70 ಆರ್12 ಟೈರಿನ ಎತ್ತರ ಸುಮಾರು 508 ಮಿಲಿಮೀಟರು, 155/65 ಆರ್13ರದು 532. ಸುತ್ತಳತೆ ನೂರಕ್ಕೆ ಐದರಷ್ಟು ಹಿಗ್ಗುತ್ತದೆ. ಮೀಟರು 60 ತೋರಿಸುವಾಗ ಗಾಡಿ ನಿಜಕ್ಕೂ 63ರ ಹತ್ತಿರ ಇರುತ್ತದೆ, ಓಡಿದ ಕಿಲೊಮೀಟರು ಮಾತ್ರ ಕಡಿಮೆ ತೋರಿಸುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿ, ಟೈರು ಅಗಲವಾದಷ್ಟೂ ರಿವರ್ಸಿನಲ್ಲಿ ತೋಳಿಗೆ ಕೆಲಸ. ಗತ್ತಿನ ಆಸೆ ಆ ಪೇಪರಿನ ಮೇಲೇ ಮುಗಿಯಿತು. ಉಳಿದ ರೊಕ್ಕದಲ್ಲಿ ಅದೇ ಹಳೆಯ ಅಳತೆಯ ಹೊಸ ಟೈರು ನಾಲ್ಕೂ ಬಂದವು.

ಎಂಜಿನ್ ಬದಲಿಸುವವರೂ ಇದ್ದಾರೆ. ಎಸ್ಟೀಮಿನ 1298 ಸಿಸಿ ಎಂಜಿನ್ನನ್ನು ಇದರಲ್ಲಿ ಕೂರಿಸಿದವರ ಕತೆ ಗ್ಯಾರೇಜುಗಳಲ್ಲಿ ಪುರಾಣದ ಹಾಗೆ ಓಡಾಡುತ್ತಿರುತ್ತದೆ. ನನಗೆ ಅದರಲ್ಲಿ ರುಚಿ ಇಲ್ಲ, ಕಾನೂನೂ ಬಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಿಡಿದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರು ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಎಂದಿತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೊಮ್ಮೆ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ನಮ್ಮಂಥವರ ಬಜೆಟ್ಟಿನಲ್ಲಿ ಇದೂ ಒಂದು ಬಿಡಿಭಾಗವೇ.

ಹೀಗೆ ಆಗುವುದಿಲ್ಲ ಅನ್ನುವುದನ್ನೆಲ್ಲ ತೆಗೆದ ಮೇಲೆ ಉಳಿಯುವುದೇ ನಿಜವಾದ ಮಜದ ಭಾಗ. ಕಡಿಮೆ ರೊಕ್ಕದಲ್ಲಿ ಗಾಡಿಯನ್ನು ಬದಲಿಸುವುದೆಂದರೆ ಅದರಲ್ಲಿ ಕಾರ್ಖಾನೆಯವರು ಎಲ್ಲೆಲ್ಲಿ ಉಳಿತಾಯ ಮಾಡಿದ್ದಾರೆ ಎಂದು ಹುಡುಕುವುದು. ಅವರು ಉಳಿಸಿದ ಕಡೆ ನಾವು ಒಂದಿಷ್ಟು ಖರ್ಚು ಮಾಡಬೇಕು.

ಹೆಡ್‌ಲೈಟನ್ನೇ ತೆಗೆದುಕೊಳ್ಳಿ. ಗೊಟಗೋಡಿ ಪುಣೆ-ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡ ಊರು. ಹಿಂದೆ ಹೈವೇ ನಾಲ್ಕು, ಈಗ ನಲವತ್ತೆಂಟು. ರಾತ್ರಿ ಲಾರಿಗಳ ಬೆಳಕಿನಲ್ಲಿ ನಮ್ಮ ಗಾಡಿಯ ದೀಪ ಹತ್ತಿದೆಯೋ ಇಲ್ಲವೋ ಎಂದು ಇಳಿದು ನೋಡಬೇಕು, ಹಾಗಿತ್ತು. ಅಂಗಡಿಯವರು ತೋರಿಸಿದ್ದು 100 ವ್ಯಾಟಿನ ಬಲ್ಬು, ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ. ಶಿಗ್ಗಾಂವಿಯ ಗ್ಯಾರೇಜಿನ ಚಾಚಾ ಎರಡನ್ನೂ ಪಕ್ಕಕ್ಕೆ ಸರಿಸಿದರು. 'ದೊಡ್ಡ ಬಲ್ಬ್ ಹಾಕಿದ್ರ ಹೋಲ್ಡರ್ ಸುಡತೈತ್ರಿ ಮಾಸ್ತರ್ರ. ಎದುರಿಗೆ ಬರಾಂವಗ ಕಣ್ಣ ಕಾಣಂಗಿಲ್ಲ. ಬಲ್ಬಿಗೆ ಕರೆಂಟ್ ಮುಟ್ಟತೈತೋ ಇಲ್ಲೋ, ಮೊದಲ ಅದನ್ನ ನೋಡ್ರಿ.'

ನೋಡಿದೆವು. ಬ್ಯಾಟರಿಯ ಹತ್ತಿರ ಮೀಟರಿನ ಎರಡು ಕಡ್ಡಿ ಇಟ್ಟರೆ ಹದಿಮೂರಕ್ಕೂ ಮೇಲೆ ವೋಲ್ಟು, ಬಲ್ಬಿನ ಬುಡದಲ್ಲಿ ಹನ್ನೊಂದೂ ಚಿಲ್ಲರೆ. ನಡುವಿನದು ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. 60 ವ್ಯಾಟಿನ ಎರಡು ಬಲ್ಬಿಗೆ ಹತ್ತು ಆಂಪಿಯರು ಬೇಕು. ಅಷ್ಟೂ ಕರೆಂಟು ಸ್ಟೀರಿಂಗಿನ ಪಕ್ಕದ ಸ್ವಿಚ್ಚಿನ ಸವೆದ ಪತ್ರಿಗಳನ್ನು ದಾಟಿ, ದಾರದಂಥ ವೈರಿನಲ್ಲಿ ಸುತ್ತು ಹೊಡೆದು ಬರಬೇಕು. ಬಲ್ಬಿನ ಸ್ವಭಾವವೂ ವಿಚಿತ್ರ. ವೋಲ್ಟು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆಯಾಗುತ್ತದೆ.

ಇದಕ್ಕೆ ಮದ್ದು ರಿಲೇ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ತಳದಲ್ಲಿ 30, 85, 86, 87 ಎಂದು ಬರೆದ ಕಾಲುಗಳು. 30ಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು, ನಡುವೆ ಫ್ಯೂಸು ಮರೆಯಬಾರದು. 87ರಿಂದ ಬಲ್ಬಿಗೆ. ಹಳೆಯ ಸ್ವಿಚ್ಚಿನ ಕಡೆಯದೆಲ್ಲ 85 ಮತ್ತು 86ಕ್ಕೆ. ಆ ಮುದಿ ಸ್ವಿಚ್ಚು ಇನ್ನು ಕಾಲು ಆಂಪಿಯರೂ ಹೊರಬೇಕಿಲ್ಲ, ಅಪ್ಪಣೆ ಕೊಟ್ಟರೆ ಸಾಕು. ದೂರದ ಬೆಳಕಿಗೊಂದು, ಹತ್ತಿರದ ಬೆಳಕಿಗೊಂದು ರಿಲೇ. ವೈರಿನ ತುದಿ ಸುಲಿದು, ಎಳೆ ಹೊಸೆದು, ಲಗ್ಗಿಗೆ ಸೇರಿಸಿ ಇಕ್ಕಳದಿಂದ ಒತ್ತಿದಾಗ ಬೆರಳಿಗೆ ಒಂದು ಸಣ್ಣ 'ಕಟಕ್' ತಿಳಿಯುತ್ತದೆ. ಆಮೇಲೆ ಎಳೆದು ನೋಡಬೇಕು. ಬಂದರೆ ಮತ್ತೆ ಮೊದಲಿನಿಂದ. ಅರ್ಥಿಂಗಿಗೆ ಬಾಡಿಯ ಬಣ್ಣ ಕೆರೆದು ಹೊಳೆಯುವ ತಗಡು ಕಾಣುವಂತೆ ಮಾಡಿ ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿದರು ಚಾಚಾ. ಅದೇ ಹಳೆಯ ಬಲ್ಬು. ಅವತ್ತು ರಾತ್ರಿ ರಸ್ತೆ ಬದಿಯ ಬೇವಿನ ಗಿಡದ ಎಲೆಗಳು ಬೇರೆ ಬೇರೆಯಾಗಿ ಕಂಡವು. ಕಾರಿಗೆ ಮಾಡಿದ ಕೆಲಸಗಳಲ್ಲಿ ಹೊರಗಿನವರಿಗೆ ಕಾಣದ್ದು ಇದು, ನನಗೆ ಎಲ್ಲಕ್ಕಿಂತ ಹೆಮ್ಮೆಯದೂ ಇದೇ.

ಇನ್ನೂ ಅಗ್ಗದ ಕೆಲಸಗಳಿವೆ. ಸವಣೂರು ಕಡೆಯ ಎರಿ ಮಣ್ಣು ಚಕ್ರದ ಮೇಲಿನ ಗೂಡಿಗೆ ಮೆತ್ತಿಕೊಂಡರೆ ಬೇಸಿಗೆವರೆಗೂ ಪಸೆ ಬಿಡುವುದಿಲ್ಲ, ತಗಡು ತುಕ್ಕು ತಿನ್ನುತ್ತದೆ. ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅವೂ ಕಟ್ಟಿಕೊಳ್ಳುತ್ತವೆ. ಕಸಬರಿಗೆಯ ಒಂದು ಕಡ್ಡಿ ಸಾಕು. ಆ ತೂತಿನಿಂದ ಕಪ್ಪು ನೀರು ತೊಟ್ಟಿಕ್ಕುವುದನ್ನು ಕುಕ್ಕರಗಾಲಿನಲ್ಲಿ ಕೂತು ನೋಡುವ ಸುಖ ಮನೆಯವರಿಗೆ ಅರ್ಥ ಮಾಡಿಸಲು ಆಗಿಲ್ಲ.

ಗಾಡಿ ತಿದ್ದುವ ಹುಚ್ಚು ನನ್ನೊಬ್ಬನದಲ್ಲ. ಊರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ, 2011ರಲ್ಲಿ ಶುರುವಾದದ್ದು. ಹತ್ತಿರವೇ ಕಲಾವಿದ ಟಿ.ಬಿ. ಸೊಲಬಕ್ಕನವರ್ ಕಟ್ಟಿದ ಉತ್ಸವ್ ರಾಕ್ ಗಾರ್ಡನ್. ಹಳ್ಳಿಯ ಬಾಳುವೆಯೆಲ್ಲ ಅಲ್ಲಿ ಸಿಮೆಂಟಿನ ಆಳೆತ್ತರದ ಮೂರ್ತಿಗಳಾಗಿ ನಿಂತಿದೆ. ನೋಡಲು ಬರುವವರು ಬಸ್ಸಿಳಿದು ಫೋಟೊ ಹೊಡೆಸಿಕೊಳ್ಳುತ್ತಾರೆ. ಹೊರಗೆ ನಿಂತ ಟ್ರ್ಯಾಕ್ಟರುಗಳನ್ನು ಯಾರೂ ನೋಡುವುದಿಲ್ಲ. ಗೊಂಡೆ, ಬಣ್ಣದ ಟೇಪು, 'ಅವ್ವನ ಆಶೀರ್ವಾದ', ಎದೆ ಗುದ್ದುವ ಸ್ಪೀಕರು. ಕೊಲ್ಲಾರಿ ಬಂಡಿ ಕಟ್ಟಿ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತಿದ್ದವರ ಮೊಮ್ಮಕ್ಕಳದೇ ಆ ಕೈ. ಯಾರಾದರೂ ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದರೆ ಗೇಟಿನ ಹೊರಗೇ ಇದೆ.

ನನ್ನ ಗಾಡಿಗೂ ಈ ಸೀಮೆಯ ಕೈ ತಾಗಿತು, ಅದೂ ನಾನು ಯೋಚಿಸಿರದ ದಿಕ್ಕಿನಿಂದ. ಸೀಟಿನ ರೆಗ್ಜಿನ್ನು ಸೀಳಿತ್ತು. ಏಪ್ರಿಲ್ಲಿನ ಬಿಸಿಲಲ್ಲಿ ಅದರ ಮೇಲೆ ಕೂತವರು ಮಾತಾಡದೆ ಎದ್ದು ಬಿಡುತ್ತಿದ್ದರು. ಕುಷನ್ ಅಂಗಡಿಯವನು ಹೇಳಿದ ದರ ಕೇಳಿ ನಾನು ಸುಮ್ಮನಾದೆ. ಅವ್ವ ಕೇಳಿದ್ದು ಒಂದೇ: 'ಕೌದಿ ಹಾಕಿದ್ರ ಬ್ಯಾಡ ಅಂತೈತೇನು ಕಾರು?'

ಟ್ರಂಕಿನಿಂದ ಅವಳ ಹಳೆಯ ಇಳಕಲ್ ಸೀರೆಗಳು, ಅಪ್ಪನ ಧೋತರ, ನನ್ನ ಶಾಲೆಯ ಕಾಲದ ಖಾಕಿ ಚಡ್ಡಿ ಹೊರಬಂದವು. ಪದರದ ಮೇಲೆ ಪದರ ಹಾಸಿ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದಳು. ತೊಡಕಾದದ್ದು ಆಕಾರ. ಕೌದಿ ಚಪ್ಪಟೆ, ಸೀಟು ಉಬ್ಬು ತಗ್ಗು. ಅವ್ವ ಹಿಂಭಾಗಕ್ಕೆ ಲಾಡಿ ಇಟ್ಟಳು, ಸೀಟಿನ ಅಡಿಯ ಕಂಬಿಗೆ ಕಟ್ಟಿದರೆ ಬಿಗಿ, ಬಿಚ್ಚಿದರೆ ಒಗೆಯಬಹುದು. ಕಾರು ಕಂಪನಿಗಳಿಗೆ ಈ ಒಗೆಯುವ ಸೀಟು ಯಾಕೆ ಹೊಳೆಯಲಿಲ್ಲವೋ. ಹತ್ತಿ ಬಟ್ಟೆ ಬೆವರು ಹೀರುತ್ತದೆ, ಸುಡುವುದಿಲ್ಲ, ಗೇರ್ ಹಾಕುವಾಗ ಮಗ್ಗುಲಿಗೆ ಜಾರಿಸುವುದಿಲ್ಲ. ಚಾಚಾ ಬಂದವರು ಎಂಜಿನ್ ಶಬ್ದ ಕೇಳಲಿಲ್ಲ. ಬಾಗಿಲು ತೆಗೆದು ಹೊಲಿಗೆಯ ಸಾಲಿನ ಮೇಲೆ ಹೆಬ್ಬೆರಳು ಓಡಿಸಿ, 'ಅಮ್ಮಾರ ಕೈ ಸೀದಾ ಐತಿ, ನಿಮ್ಮ ವೈರಿಂಗ್‌ಗಿಂತ' ಅಂದರು.

ಈಗ ಹಿಂದಿನ ಸೀಟಿನ ಕೆಲಸ ನಡೆದಿದೆ. ಅದು ಉದ್ದ, ಅರಿವೆ ಸಾಲುತ್ತಿಲ್ಲ. ತಂಗಿಯ ಎರಡು ಸೀರೆಗಳ ಮೇಲೆ ಅವ್ವನ ಕಣ್ಣು ಬಿದ್ದಿದೆ, ಅವಿನ್ನೂ ಹಳೆಯವಾಗಿಲ್ಲ ಎಂದು ತಂಗಿಯ ತಕರಾರು. ಅವು ಹಳೆಯವಾಗುವತನಕ ಹಿಂದೆ ಕೂರುವವರಿಗೆ ರೆಗ್ಜಿನ್ನೇ ಗತಿ.